ಶಿಕಾಗೋದ ಹಳೇ ಮನೆಯಲ್ಲಿ ಸೀಸದ ಪೈಪ್ ಇದೆಯಾ ಎಂದು ನೋಡುವುದು ಹೇಗೆ?

ಶಿಕಾಗೋದಲ್ಲಿ 1940ರ ಕಾಲದ ಮನೆ ಬಾಡಿಗೆಗೆ ಹಿಡಿದಿದ್ದೀರಿ, ಮಗುವಿಗೆ ನಲ್ಲಿ ನೀರಿನಲ್ಲೇ ಪುಡಿಹಾಲು ಕಲಸುತ್ತೀರಿ, ಪೈಪ್ ಸೀಸದ್ದಾ ಎಂದು ಕೇಳಿದ್ದೀರಿ. ಆಗಿರುವ ಸಾಧ್ಯತೆ ಜಾಸ್ತಿ. ಆ ಊರಲ್ಲಿ 1986ರವರೆಗೂ ಸಣ್ಣ ಮನೆಗಳ ಸಂಪರ್ಕಕ್ಕೆ ಸೀಸದ ಪೈಪನ್ನೇ ಹಾಕಬೇಕೆಂಬ ನಿಯಮವಿತ್ತು.

ಬೇಸ್‌ಮೆಂಟಿನಲ್ಲಿ ಬೀದಿ ಕಡೆಯ ಗೋಡೆಯಿಂದ ಒಳಗೆ ಬರುವ ಪೈಪ್ ಹುಡುಕಿ. ನಾಣ್ಯದಿಂದ ಮೆಲ್ಲಗೆ ಕೆರೆಯಿರಿ. ಸುಲಭವಾಗಿ ಗೀರು ಬಿದ್ದು ಬೆಳ್ಳಿಯಂತೆ ಹೊಳೆದರೆ, ಆಯಸ್ಕಾಂತವೂ ಅಂಟದಿದ್ದರೆ, ಅದು ಸೀಸ. ಅಂಟಿದರೆ ಕಬ್ಬಿಣ. ತಾಮ್ರವಾದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಆದರೆ ಒಳಗೆ ತಾಮ್ರ ಕಂಡಿತೆಂದು ಸುಮ್ನೆ ಕೂರಬೇಡಿ, ನೆಲದಡಿ ಸೀಸ ಇರಬಹುದು. (ಕೆರೆದ ಮೇಲೆ ಕೈ ತೊಳೆಯಿರಿ.) 311ಕ್ಕೆ ಫೋನ್ ಮಾಡಿದರೆ ನಗರಾಡಳಿತದಿಂದ ನೀರು ಪರೀಕ್ಷೆಯ ಕಿಟ್ ಪುಕ್ಕಟೆ ಸಿಗುತ್ತದೆ.

ಕುದಿಸಿದರೆ ಸಾಕಲ್ವಾ ಅಂದಿದ್ದೀರಿ. ದಯವಿಟ್ಟು ಅದನ್ನು ನಂಬಬೇಡಿ. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಮಕ್ಕಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ. ಹಾಗಾಗಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ. ಸೀಸ ತೆಗೆಯುತ್ತದೆಂದು ಎನ್‌ಎಸ್‌ಎಫ್ 53 (ನೀರಿನ ಫಿಲ್ಟರ್‌ಗಳ ಒಂದು ಗುಣಮಟ್ಟದ ಮಾನದಂಡ) ಪ್ರಮಾಣಪತ್ರ ಇರುವ ಫಿಲ್ಟರ್ ಇವತ್ತೇ ತನ್ನಿ. ಬಿಸಿನೀರಿನ ನಲ್ಲಿಯ ನೀರನ್ನು ಹಾಲಿಗೆ ಬಳಸಲೇಬೇಡಿ, ತಣ್ಣೀರು ಹಿಡಿದು ಫಿಲ್ಟರ್ ಮಾಡಿ ಕಾಯಿಸಿ.