ಅರ್ಧ ಕಿಲೋ ಖೀಮಾ, ಆರು ಮಂದಿಯ ಊಟ

ಪ್ರಶ್ನೆ: ಅಕ್ಕಾರೇ, ನಮಸ್ಕಾರ. ನಮ್ಮ ನಾದಿನಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಅಲ್ಲಿಯ ಆಮಿಶ್ ಜನ ಮಾಡುವ ಖೀಮಾ ಗ್ರೇವಿ ಊಟ ಬಹಳ ರುಚಿ, ಖರ್ಚೂ ಕಡಿಮೆ ಅಂತ ಫೋನ್ ಮಾಡಿದಾಗೆಲ್ಲ ಹೇಳುತ್ತಾಳೆ. ಅವಳು ಹೇಳಿದ ಹಾಗೆ ಒಂದು ಸಲ ಮಾಡಿದೆ. ಖೀಮಾ ಹಂಚಿನ ಮೇಲೆ ಒಡೆದು ಪುಡಿಯಾಯಿತು, ಗ್ರೇವಿಗೆ ಹಸಿ ಹಿಟ್ಟಿನ ವಾಸನೆ ಬಂತು. ಅದನ್ನು ಬೀಫ್‌ನಲ್ಲೇ ಮಾಡಬೇಕಾ? ನಮ್ಮ ಮನೆಯಲ್ಲಿ ಆರು ಮಂದಿ. ತಿಂಗಳ ಕೊನೆಗೆ ಒಂದು ಕಿಲೋ ಮಟನ್ ತರುವುದು ಆಗುವುದಿಲ್ಲ. ಓವನ್ ಕೂಡ ಇಲ್ಲ. ಅಂದ ಹಾಗೆ, ಖೀಮಾ ತಂದ ಮೇಲೆ ಎರಡು ಸಲ ತೊಳೆದೆ.
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ನಾದಿನಿ ಹೇಳಿದ್ದು ಸರಿ. ಇದು ಕಡಿಮೆ ಮಾಂಸದಲ್ಲಿ ಜಾಸ್ತಿ ಮಂದಿಗೆ ಹೊಟ್ಟೆ ತುಂಬಿಸಲೆಂದೇ ಹುಟ್ಟಿದ ಅಡುಗೆ. ಅಲ್ಲಿ ಇದನ್ನು ಪೂರ್ ಮ್ಯಾನ್ಸ್ ಸ್ಟೇಕ್ ಅಂತಾರೆ, ಅಂದರೆ ಬಡವರ ಸ್ಟೇಕ್. ಸ್ಟೇಕ್ ಅಂದರೆ ಮಾಂಸದ ದಪ್ಪ ತುಂಡನ್ನು ಇಡಿಯಾಗಿ ಹುರಿದದ್ದು, ಅದು ದುಬಾರಿ. ಅದರ ಬದಲು ಖೀಮಾಕ್ಕೆ ಉಪ್ಪಿನ ಬಿಸ್ಕತ್ತಿನ ಪುಡಿ, ಹಾಲು ಸೇರಿಸಿ ತುಂಡಿನ ಆಕಾರಕ್ಕೆ ತಂದು, ಹುರಿದು, ಗ್ರೇವಿಯಲ್ಲಿ ಬೇಯಿಸುತ್ತಾರೆ.

ಆ ಜನರ ಬಗ್ಗೆ ಎರಡು ಮಾತು ಹೇಳಿದರೆ ಅಡುಗೆಯೂ ಅರ್ಥವಾಗುತ್ತದೆ. 1693ರ ಸುಮಾರಿಗೆ ಯಾಕೋಬ್ ಅಮ್ಮಾನ್ ಎಂಬ ಕ್ರೈಸ್ತ ಧರ್ಮಗುರುವಿನ ಹಿಂದೆ ಬೇರೆಯಾಗಿ ನಿಂತವರು ಇವರು, ಸ್ವಿಟ್ಜರ್ಲೆಂಡ್ ಮತ್ತು ಅದರ ಪಕ್ಕದ ಅಲ್ಸಾಸ್ ಕಡೆಯವರು. ಧಾರವಾಡದವರಿಗೆ ಬಾಸೆಲ್ ಮಿಷನ್ ಹೆಸರು ಗೊತ್ತಿದೆಯಲ್ಲ, ಆ ಬಾಸೆಲ್ ಊರು ಇರುವುದೂ ಅದೇ ಸೀಮೆಯಲ್ಲಿ. ಆಮಿಶರು 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋಗಿ ಒಕ್ಕಲುತನಕ್ಕೆ ನಿಂತರು. ಇವತ್ತಿಗೂ ಕುದುರೆ ಗಾಡಿಯಲ್ಲೇ ಓಡಾಡುತ್ತಾರೆ, ಹೆಚ್ಚಿನವರು ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳುವುದಿಲ್ಲ. ಒಂದೊಂದು ಮನೆಯಲ್ಲಿ ಆರೇಳು ಮಕ್ಕಳು ಇರುವುದು ಸಾಮಾನ್ಯ. ಹಿತ್ತಲಲ್ಲಿ ದನ, ಹೊಲದಲ್ಲಿ ಬಟಾಟಿ, ಮನೆಯಲ್ಲೇ ಹಾಲು ಬೆಣ್ಣೆ. ಹಾಗಾಗಿ ಅವರಿಗೆ ಬೀಫ್ ಕೈಗೆ ಸಿಗುವ ಮಾಂಸ. ಅದಕ್ಕೇ ಅದನ್ನು ಹಾಕುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು ಕಡಿಯುವಂತಿಲ್ಲ, 13 ವರ್ಷದೊಳಗಿನ ಎಮ್ಮೆ ಕೋಣಕ್ಕೂ ಅದೇ ನಿಯಮ. ನೀವು ಮಟನ್ ಖೀಮಾದಲ್ಲಿ ಮಾಡಿ. ಇಲ್ಲವೇ ಅರ್ಧ ಮಟನ್, ಅರ್ಧ ಚಿಕನ್ ಖೀಮಾ ಬೆರೆಸಿ. ಖರ್ಚು ಇಳಿಯುತ್ತದೆ, ಮಟನ್ ರುಚಿ ಉಳಿಯುತ್ತದೆ. ಬರೀ ಚಿಕನ್ ಆದರೆ ಕೊಬ್ಬು ಕಡಿಮೆ, ಒಂದು ಚಮಚ ಬೆಣ್ಣೆ ಸೇರಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ ಬೆರಕೆಯೇ ಒಳ್ಳೆಯದು.

ಖೀಮಾ ಒಡೆದದ್ದು ಯಾಕೆ ಅಂತ ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ. ತಂದ ಮೇಲೆ ಎರಡು ಸಲ ತೊಳೆದೆ ಅಂತ ಕೊನೆಗೆ ಬರೆದಿದ್ದೀರಿ. ಖೀಮಾ ಆದ ಮೇಲೆ ತೊಳೆಯಬಾರದು. ನೀರು ಒಳಗೇ ಕೂತುಬಿಡುತ್ತದೆ, ಹಂಚಿಗೆ ಹಾಕಿದ ಕೂಡಲೇ ಹೊರಗೆ ಬರುತ್ತದೆ, ಆಗ ಮಾಂಸ ಹುರಿಯುವುದಿಲ್ಲ, ಸುಮ್ನೆ ಬೇಯುತ್ತದೆ. ಅಂಗಡಿಯಲ್ಲೇ ತುಂಡು ತೊಳೆಸಿ, ನೀರು ಇಳಿಸಿ, ಆಮೇಲೆ ಮಷೀನಿಗೆ ಹಾಕಿಸಿ. ಎರಡು ಸಲ ಹಾಕಿಸಿ. ಸ್ವಲ್ಪ ಕೊಬ್ಬೂ ಸೇರಿಸಲು ಹೇಳಿ, ಐದು ಪಾಲಿನಲ್ಲಿ ಒಂದು ಪಾಲಿನಷ್ಟು. ತೀರಾ ಸಪೂರ ಮಾಂಸದಲ್ಲಿ ಈ ಅಡುಗೆ ಒಣಗಿ ಹೋಗುತ್ತದೆ.

ಅಲ್ಲಿಯ ಉಪ್ಪಿನ ಬಿಸ್ಕತ್ತಿನ ಜಾಗಕ್ಕೆ ನೀವು ನಿನ್ನೆಯ ಬ್ರೆಡ್ಡು ಹಾಕಿ. ಅರ್ಧ ಕಿಲೋ ಖೀಮಾಕ್ಕೆ ನಾಲ್ಕು ಸ್ಲೈಸ್ ಸಾಕು. ಹಂಚಿನ ಮೇಲೆ ಗರಿಗರಿ ಮಾಡಿ ಪುಡಿ ಮಾಡಿ. ಬೇಕರಿಯ ಟೋಸ್ಟ್ ಬೇಡ, ಅದು ಸಿಹಿ. ನಮ್ಮ ಖಡಕ್ ರೊಟ್ಟಿ ಎರಡು ಮುರಿದು ಪುಡಿ ಮಾಡಿ ಹಾಕಿದರೂ ಚಲೋ ಆಗುತ್ತದೆ. ನಾನು ಎರಡೂ ಮಾಡಿ ನೋಡಿದ್ದೇನೆ. ಬ್ರೆಡ್ಡಿನದು ಮೆತ್ತಗೆ, ಜೋಳದ್ದು ಸ್ವಲ್ಪ ತರಿತರಿ, ಆದರೆ ಅದರ ಘಮವೇ ಬೇರೆ. ರೊಟ್ಟಿ ಪುಡಿ ಆದರೆ ಹಾಲಿನಲ್ಲಿ ಹತ್ತು ನಿಮಿಷ ಜಾಸ್ತಿ ನೆನೆಯಬೇಕು.

ಪುಡಿಗೆ ಅರ್ಧ ಕಪ್ ಹಾಲು ಹಾಕಿ ನೆನೆಸಿ. ಮೆತ್ತಗಾದ ಮೇಲೆ ಖೀಮಾ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಒಂದು ಸಣ್ಣ ಚಮಚ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ ಸೇರಿಸಿ ನಾದಿ. ಐದು ನಿಮಿಷ, ಹಿಟ್ಟು ನಾದಿದ ಹಾಗೆ. ಉಪ್ಪು ಬಿದ್ದು ನಾದಿದಾಗ ಮಾಂಸದಿಂದ ಒಂದು ಅಂಟು ಬಿಡುತ್ತದೆ, ಅದೇ ಇಡೀ ತುಂಡನ್ನು ಹಿಡಿದಿಡುವುದು. ಹಾಲಿನಲ್ಲಿ ನೆನೆದ ಬ್ರೆಡ್ಡಿನ ಕೆಲಸ ಬೇರೆ. ಮಾಂಸ ಬೆಂದಾಗ ಬಿಗಿದುಕೊಂಡು ರಸ ಹೊರಗೆ ಹಾಕುತ್ತದೆ, ಬ್ರೆಡ್ಡು ಆ ಬಿಗಿತ ತಡೆಯುತ್ತದೆ, ರಸವನ್ನೂ ಹೀರಿಕೊಳ್ಳುತ್ತದೆ. ಖರ್ಚು ಉಳಿಸಲು ಹಾಕಿದ್ದೇ ರುಚಿಯನ್ನೂ ಕಾಪಾಡುತ್ತದೆ, ನನಗೆ ಈ ಅಡುಗೆ ಇಷ್ಟವಾದದ್ದು ಅದಕ್ಕೇ.

ಎಣ್ಣೆ ಸವರಿದ ತಾಟಿನಲ್ಲಿ ಬೆರಳು ದಪ್ಪಕ್ಕೆ ತಟ್ಟಿ, ಮುಚ್ಚಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಆಮಿಶ್ ಮನೆಗಳಲ್ಲೂ ಹಿಂದಿನ ದಿನವೇ ಹೀಗೆ ಮಾಡಿಡುತ್ತಾರೆ. ಮೂರು ತಾಸಾದರೂ ಇರಲಿ. ಹೊರಗಂತೂ ಇಡಬೇಡಿ, ಹುಬ್ಬಳ್ಳಿ ಬಿಸಿಲಿಗೆ ಖೀಮಾ ಬೇಗ ಕೆಡುತ್ತದೆ. ಗಟ್ಟಿಯಾದ ಮೇಲೆ ಹನ್ನೆರಡು ತುಂಡು ಮಾಡಿ. ಒಬ್ಬರಿಗೆ ಎರಡು.

ಪ್ರತಿ ತುಂಡನ್ನೂ ಒಣ ಮೈದಾದಲ್ಲಿ ಹೊರಳಿಸಿ ಝಾಡಿಸಿ. ಕಬ್ಬಿಣದ ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ತುಂಡು ಇಡಿ. ಇಟ್ಟ ಮೇಲೆ ಮುಟ್ಟಬೇಡಿ. ಮೂರ್ನಾಲ್ಕು ನಿಮಿಷಕ್ಕೆ ತಳ ಕೆಂಪಗಾದರೆ ಅದೇ ಬಿಟ್ಟುಕೊಳ್ಳುತ್ತದೆ. ಬಿಡುವ ಮೊದಲೇ ಮಗುಚಿದರೆ ಒಡೆಯುತ್ತದೆ, ರೊಟ್ಟಿ ಬೇಗ ತಿರುವಿದರೆ ಹರಿಯುತ್ತದಲ್ಲ, ಹಾಗೆ. ಒಂದೇ ಸಲ ಹನ್ನೆರಡೂ ತುಂಬಬೇಡಿ, ಮೂರು ಸರತಿಯಲ್ಲಿ ಮಾಡಿ.

ಇನ್ನು ಗ್ರೇವಿ. ಬಾಣಲೆ ತೊಳೆಯಬೇಡಿ! ತಳಕ್ಕೆ ಹಿಡಿದ ಆ ಕಂದು ಜಿಗಟಿನಲ್ಲೇ ಅರ್ಧ ರುಚಿ ಇದೆ. ಅಲ್ಲಿ ಈಗ ಬಹಳ ಮಂದಿ ಡಬ್ಬಿಯ ಮಶ್ರೂಮ್ ಸೂಪ್ ಸುರಿದುಬಿಡುತ್ತಾರೆ. ನಿಮಗೆ ಅದು ಬೇಕಾಗಿಲ್ಲ, ದುಡ್ಡೂ ದಂಡ. ಒಂದು ಪ್ಯಾಕೆಟ್ ಅಣಬೆ ಸಿಕ್ಕರೆ ಅದೇ ಬಾಣಲೆಯಲ್ಲಿ ನೀರು ಆರುವವರೆಗೆ ಹುರಿದು ತೆಗೆದಿಡಿ, ಸಿಗದಿದ್ದರೆ ಉಳ್ಳಾಗಡ್ಡಿ ಉದ್ದುದ್ದ ಹೆಚ್ಚಿ ಹುರಿಯಿರಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚದಷ್ಟು ಎಣ್ಣೆ ಅಥವಾ ಕೊಬ್ಬು ಇರಬೇಕು, ಕಡಿಮೆ ಬಿದ್ದರೆ ಬೆಣ್ಣೆ ಹಾಕಿ. ಅದಕ್ಕೆ ಮೂರು ದೊಡ್ಡ ಚಮಚ ಮೈದಾ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ನಿಮ್ಮ ಗ್ರೇವಿಗೆ ಹಸಿ ವಾಸನೆ ಬಂದದ್ದು ಈ ಹುರಿತ ತಪ್ಪಿದ್ದರಿಂದ. ರವೆ ಹುರಿದಾಗ ಬರುವಂಥ ಘಮ ಬಂದು, ಹಿಟ್ಟು ಗೋಧಿ ಬಣ್ಣಕ್ಕೆ ತಿರುಗಬೇಕು. ಆಮೇಲೆ ಕಾಲು ಲೀಟರ್ ಹಾಲು, ಕಾಲು ಲೀಟರ್ ನೀರು ಬೆರೆಸಿಟ್ಟದ್ದನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಸೌಟಿನಿಂದ ತಳ ಕೆರೆಯುತ್ತಾ ಕುದಿಸಿ. ನಮ್ಮ ಕಡೆ ಎಮ್ಮೆ ಹಾಲು ಗಟ್ಟಿ, ಅದಕ್ಕೇ ನೀರು ಹೇಳಿದ್ದು. ಉಪ್ಪು, ಕಾಳುಮೆಣಸು. ಅಣಬೆ ವಾಪಸ್ ಹಾಕಿ, ತುಂಡುಗಳನ್ನು ಇಳಿಸಿ, ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ 25 ನಿಮಿಷ. ಅಲ್ಲಿ ಒಂದು ತಾಸು ಓವನ್‌ನಲ್ಲಿ ಇಡುತ್ತಾರೆ, ನಮಗೆ ದಪ್ಪ ತಳದ ಬಾಣಲೆ ಸಾಕು. ಕುಕ್ಕರ್ ಬೇಡ, ಹಾಲಿನ ಗ್ರೇವಿ ತಳ ಹಿಡಿದು ಸೀಯುತ್ತದೆ.

ಒಂದು ತುಂಡು ಮುರಿದು ನೋಡಿ. ಒಳಗೆ ಕೆಂಪು ಇರಬಾರದು. ಇಡೀ ತುಂಡು ಮಾಂಸದಲ್ಲಿ ಕ್ರಿಮಿ ಇದ್ದರೂ ಹೊರಮೈಯಲ್ಲಿ ಇರುತ್ತದೆ, ಖೀಮಾದಲ್ಲಿ ಹೊರಗಿನದು ಒಳಗೂ ಬೆರೆತಿರುತ್ತದೆ. ಅಮೆರಿಕದಲ್ಲಿ ಮಟನ್, ಬೀಫ್ ಖೀಮಾ ನಡುಭಾಗದಲ್ಲಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು ಅಂತ ಹೇಳುತ್ತಾರೆ, ಕೋಳಿಯದಾದರೆ 74.

ಜೊತೆಗೆ ಒಂದು ಕಿಲೋ ಬಟಾಟಿ ಕುದಿಸಿ, ಬಿಸಿ ಇರುವಾಗಲೇ ಕೈಯಿಂದ ಮಸೆದು, ಬಿಸಿ ಹಾಲು, ಬೆಣ್ಣೆ, ಉಪ್ಪು ಕಲಸಿ. ಮಿಕ್ಸರ್‌ಗೆ ಹಾಕಿದರೆ ಅಂಟಂಟಾಗುತ್ತದೆ. ಗ್ರೇವಿ ಬೀಳುವುದು ಇದರ ಮೇಲೆ. ಪಕ್ಕಕ್ಕೆ ಹಕ್ಕರಕಿ, ಎಳೆ ಮೂಲಂಗಿ, ಸೌತೆಕಾಯಿ ಹಸಿಯಾಗಿಯೇ ಇಡಿ, ಬೆಣ್ಣೆ ಹಾಲಿನ ಊಟಕ್ಕೆ ಆ ಖಾರ ಬೇಕೇ ಬೇಕು.

ಒಂದು ಮಾತು ಮಾತ್ರ ಕೇಳಿ. ಮೊದಲ ಸಲ ಗರಂ ಮಸಾಲೆ, ಬಳ್ಳೊಳ್ಳಿ ಶುಂಠಿ, ಕೆಂಪು ಖಾರ ಏನೂ ಹಾಕಬೇಡಿ. ಸಪ್ಪೆ ಅನಿಸೀತು ಅಂತ ಕೈ ತುರಿಸುತ್ತದೆ, ಗೊತ್ತು. ಹಾಕಿದರೆ ಅದು ನಮ್ಮ ಖೀಮಾ ಪಲ್ಯವೇ ಆಗುತ್ತದೆ, ಅದನ್ನು ನೀವು ದಿನಾ ಮಾಡುತ್ತೀರಿ. ಹುರಿದ ಮಾಂಸ, ಬೆಣ್ಣೆ, ಕಾಳುಮೆಣಸು ಇಷ್ಟೇ ಸೇರಿ ಏನು ಕೊಡುತ್ತವೆ ಅಂತ ಒಮ್ಮೆ ನಾಲಿಗೆಗೆ ಗೊತ್ತಾಗಲಿ.

ಪ್ರಶ್ನೆ: ಮೇಡಂ, ನಾವು ಮೂವರು ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇವೆ. ಒಂದು ಇಂಡಕ್ಷನ್ ಒಲೆ, ಒಂದು ಬಾಣಲೆ, ಒಂದು ಕುಕ್ಕರ್ ಇದೆ. ಫ್ರಿಜ್ ಇಲ್ಲ. ಹಿಂದೊಮ್ಮೆ ನೀವು ಹೇಳಿದ ಆಮಿಶ್ ಖೀಮಾ ಗ್ರೇವಿ ನಮ್ಮಿಂದ ಆಗುತ್ತಾ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಆಗುತ್ತದೆ ತಮ್ಮಾ, ಅರ್ಧ ತಾಸಿನಲ್ಲಿ. ನಿಮಗೆ ತುಂಡು ಮಾಡುವ ಕೆಲಸವೇ ಬೇಡ. ಪುಡಿ ಖೀಮಾದಲ್ಲೇ ಗ್ರೇವಿ ಮಾಡಿ ಬಟಾಟಿ ಇಲ್ಲವೇ ಬ್ರೆಡ್ಡಿನ ಮೇಲೆ ಸುರಿದುಕೊಳ್ಳುವುದೂ ಅಲ್ಲಿಯ ಮನೆಯೂಟವೇ.

ಕಾಲು ಕಿಲೋ ಚಿಕನ್ ಖೀಮಾ ತಂದ ದಿನವೇ ಮಾಡಿ. ಮೊದಲು ಕುಕ್ಕರ್‌ನಲ್ಲಿ ನಾಲ್ಕೈದು ಬಟಾಟಿ ಕುದಿಸಿಡಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಅಥವಾ ಬೆಣ್ಣೆ ಕಾಯಿಸಿ ಖೀಮಾ ಹಾಕಿ. ಮೊದಲು ನೀರು ಬಿಡುತ್ತದೆ. ಅದು ಪೂರ್ತಿ ಆರಿ, ಚುರ್ ಅನ್ನುವ ಸದ್ದು ಬಂದು, ಖೀಮಾ ಕಂದಾಗುವವರೆಗೆ ಕಾಯಿರಿ, ಇಲ್ಲಿ ಅವಸರ ಮಾಡಿದರೆ ಊಟವೇ ಬಿಳಿಬಿಳಿ ಆಗುತ್ತದೆ. ಉಳ್ಳಾಗಡ್ಡಿ ಹಾಕಿ. ಮೆತ್ತಗಾದ ಮೇಲೆ ಎರಡು ದೊಡ್ಡ ಚಮಚ ಮೈದಾ ಮೇಲೇ ಉದುರಿಸಿ ಎರಡು ನಿಮಿಷ ಕೈಯಾಡಿಸಿ. ಖೀಮಾದ ಪ್ರತಿ ಕಣಕ್ಕೂ ಹಿಟ್ಟು ಹತ್ತುವುದರಿಂದ ಇದರಲ್ಲಿ ಗಂಟು ಕಟ್ಟುವ ಭಯ ಕಡಿಮೆ. ಆಮೇಲೆ ಒಂದೂವರೆ ಕಪ್ ಹಾಲು, ಉಪ್ಪು, ಕಾಳುಮೆಣಸು ಹಾಕಿ ಏಳೆಂಟು ನಿಮಿಷ ಸಣ್ಣಗೆ ಕುದಿಸಿ. ಉಳಿಸಬೇಡಿ. ಮೂವರೂ ಕೂತು ಖಾಲಿ ಮಾಡಿ.

ಪ್ರಶ್ನೆ: ಗ್ರೇವಿ ಯಾವಾಗಲೂ ಗಂಟಾಗುತ್ತದೆ. ಮೈದಾ ಬದಲು ಕಡಲೆ ಹಿಟ್ಟು ಹಾಕಬಹುದಾ?
– ಓದುಗರು, ಬೆಟಗೇರಿ, ಗದಗ

ಉತ್ತರ: ಕಡಲೆ ಹಿಟ್ಟು ಹಾಕಿದರೆ ಜುಣಕದ ರುಚಿ ಬರುತ್ತದೆ, ಹಾಲಿಗೆ ಅದು ಹೊಂದುವುದಿಲ್ಲ. ಮೈದಾ ಬೇಡವಾದರೆ ಗೋಧಿ ಹಿಟ್ಟು ನಡೆಯುತ್ತದೆ, ಬಣ್ಣ ಸ್ವಲ್ಪ ಮಂಕು ಅಷ್ಟೆ. ಗಂಟಿಗೆ ಕಾರಣ ಹಿಟ್ಟಲ್ಲ. ಒಣ ಹಿಟ್ಟಿಗೆ ಬಿಸಿ ದ್ರವ ತಾಗಿದ ಕೂಡಲೇ ಉಂಡೆಯ ಹೊರಪದರ ಬೆಂದು ಮುಚ್ಚಿಕೊಳ್ಳುತ್ತದೆ, ಒಳಗೆ ಒಣ ಹಿಟ್ಟು ಸಿಕ್ಕಿಬೀಳುತ್ತದೆ. ಜಿಡ್ಡಿನಲ್ಲಿ ಹುರಿದ ಹಿಟ್ಟಿನಲ್ಲಿ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಅದಕ್ಕೇ ಹಿಟ್ಟು ಎಷ್ಟೋ ಜಿಡ್ಡೂ ಅಷ್ಟೇ ಇರಲಿ. ಹಾಲು ತಣ್ಣಗಿರಲಿ, ಮೊದಲ ಅರ್ಧ ಕಪ್ ಹಾಕಿ ಪೇಸ್ಟಿನಂತೆ ನುಣ್ಣಗಾದ ಮೇಲೆ ಉಳಿದದ್ದು ಹಾಕಿ. ಈಗಾಗಲೇ ಗಂಟಾಗಿದ್ದರೆ ಚಹಾ ಸೋಸುವ ಜರಡಿಯಲ್ಲಿ ಸೋಸಿ, ಮತ್ತೆ ಒಂದು ಕುದಿ ಕುದಿಸಿ.

ಪ್ರಶ್ನೆ: ನಾವು ಮಾಂಸ ತಿನ್ನುವುದಿಲ್ಲ. ಸೋಯಾ ಹಾಕಿ ಈ ಊಟ ಮಾಡಬಹುದೇ?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಮಾಡಬಹುದು, ಆದರೆ ಸೋಯಾ ಒಂದರಿಂದಲೇ ಆ ರುಚಿ ಬರುವುದಿಲ್ಲ. ಸೋಯಾ ಪುಡಿ ಬಿಸಿ ನೀರಿನಲ್ಲಿ ನೆನೆಸಿ, ಎರಡು ಸಲ ತೊಳೆದು, ಬಿಗಿಯಾಗಿ ಹಿಂಡಿ. ಅಷ್ಟೇ ಪ್ರಮಾಣದ ಅಣಬೆ ಸಣ್ಣಗೆ ಕೊಚ್ಚಿ ಬೆಣ್ಣೆಯಲ್ಲಿ ಕಂದಾಗುವ ಹಾಗೆ ಹುರಿದು ಸೇರಿಸಿ. ತುಂಡು ಕಟ್ಟಲು ಮಾಂಸದ ಅಂಟು ಇಲ್ಲಿ ಇಲ್ಲ, ಹಾಗಾಗಿ ಕುದಿಸಿದ ಒಂದು ಬಟಾಟಿ, ಎರಡು ಚಮಚ ಮೈದಾ ಬೇಕು. ಗ್ರೇವಿಯಲ್ಲಿ 25 ನಿಮಿಷ ಇಡಬೇಡಿ, ಕರಗುತ್ತದೆ. ಬಡಿಸುವಾಗ ಮೇಲೆ ಸುರಿಯಿರಿ.

ಪ್ರಶ್ನೆ: ಗ್ರೇವಿ ಉಳಿದರೆ ಮರುದಿನ ಏನು ಮಾಡಬೇಕು? ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.
– ಓದುಗರು, ಗದಗ

ಉತ್ತರ: ತಣ್ಣಗಾದರೆ ಹಿಟ್ಟು ಬಿಗಿಯುವುದು ಸಹಜ, ಕೆಟ್ಟಿಲ್ಲ. ಎರಡು ತಾಸಿನೊಳಗೆ ಫ್ರಿಜ್ಜಿಗೆ ಹೋಗಿರಬೇಕು, ಬೇಸಿಗೆಯಲ್ಲಿ ಒಂದೇ ತಾಸು. ಮರುದಿನ ಕಾಲು ಕಪ್ ಹಾಲು ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಚೆನ್ನಾಗಿ ಕುದಿಯುವವರೆಗೆ ಬಿಸಿ ಮಾಡಿ. ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ, ಮೇಲೆ ಹಸಿ ಉಳ್ಳಾಗಡ್ಡಿ. ನಮ್ಮ ಮನೆಯಲ್ಲಿ ಮಕ್ಕಳು ಇದಕ್ಕಾಗಿಯೇ ಎರಡು ಸೌಟು ಎತ್ತಿಡಿಸುತ್ತಾರೆ.