ಕಡಲ ಮರಳಿನ ಡಯಾಟಮ್ ಹೊಸ ಪ್ರಭೇದವೇ ಅಂತ ಹೇಗೆ ತಿಳಿಯೋದು?

ಕಾರವಾರದ ಮರಳನ್ನು ಕೊಪ್ಪಳದ ಕಾಲೇಜಿನ ಲ್ಯಾಬಿನಲ್ಲಿ ನೋಡಿದಾಗ ಸಿಕ್ಕ ಡಯಾಟಮ್ (ಸಿಲಿಕಾ ಕವಚವಿರುವ ಏಕಕೋಶ ಪಾಚಿ) ಯಾವ ಚಿತ್ರಕ್ಕೂ ಹೊಂದುತ್ತಿಲ್ಲ, ಹೊಸದಿರಬಹುದಾ ಅಂತ ಕೇಳಿದ್ದೀರಿ. ಇರಬಹುದು, ಆದರೆ ಒಂದೇ ಕೋಶ ನೋಡಿ ಹೇಳೋಕಾಗಲ್ಲ. ವಿಭಜನೆಯಾದಂತೆಲ್ಲ ಸಾಮಾನ್ಯವಾಗಿ ಡಯಾಟಮ್ ಚಿಕ್ಕದಾಗುತ್ತಾ ಹೋಗುತ್ತೆ, ಆಕಾರವೂ ಬದಲಾಗಬಹುದು. ದೊಡ್ಡದು, ಚಿಕ್ಕದು ಎಲ್ಲವನ್ನೂ ಅಳೆಯಿರಿ.

ಅದಕ್ಕೂ ಮೊದಲು ಅದರ ಸಿಲಿಕಾ ಕವಚ ಶುದ್ಧವಾಗಬೇಕು. ಇವುಗಳಲ್ಲಿ ಹಲವು ಮರಳಿನ ಕಣಕ್ಕೇ ಕಚ್ಚಿಕೊಂಡಿರುತ್ತವೆ, ಬರೀ ಕುಲುಕಿದರೆ ಬಿಡಲ್ಲ. ಕಡಲ ಮರಳಲ್ಲಿ ಚಿಪ್ಪಿನ ಚೂರೂ ಇರುತ್ತೆ. ಉಪ್ಪು ತೊಳೆದು ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ನೊರೆ ನಿಂತ ಮೇಲೆ ಚೆನ್ನಾಗಿ ತೊಳೆಯಿರಿ. ಜೈವಿಕ ಕೊಳೆ ತೆಗೆಯೋಕೆ ನೇರವಾಗಿ ಸಲ್ಫ್ಯೂರಿಕ್ ಆಮ್ಲ ಸುರಿದರೆ ಅದು ಚಿಪ್ಪಿನ ಕ್ಯಾಲ್ಸಿಯಂ ಜೊತೆ ಸೇರಿ ಜಿಪ್ಸಮ್ ಹರಳು ಕಟ್ಟಿ ಸ್ಲೈಡ್ ತುಂಬಾ ಸೂಜಿಗಳೇ! (ಗುರುಗಳಿಲ್ಲದೆ ಆಮ್ಲ ಮುಟ್ಟಬೇಡಿ. ಕೈ ಪಳಗಲು ತುಂಗಭದ್ರೆಯ ಮರಳು ಸಾಕು.)

ಆಮೇಲೆ ಕವಚದ ಮೇಲೆ 10 ಮೈಕ್ರೋಮೀಟರಿಗೆ ಎಷ್ಟು ಗೆರೆ ಅಂತ ಎಣಿಸಿ. ಗೆರೆಯೊಳಗಿನ ರಂಧ್ರಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಸಾಧ್ಯವಾದರೆ ಡಿಎನ್‌ಎ ಕೂಡ. ಹಳೆಯ ಪ್ರಭೇದಗಳ ಮೂಲ ವಿವರಣೆ ಹುಡುಕಿ ಹೋಲಿಸೋದೇ ನಿಜವಾದ ತಲೆನೋವು.

ಹೊಸದೇ ಅಂತಾದರೆ, ಅದಕ್ಕಿಡುವ ಹೆಸರು ಲ್ಯಾಟಿನ್ ರೂಪದಲ್ಲಿರಬೇಕು. ವಿವರಣೆ 2012ರಿಂದ ಇಂಗ್ಲಿಷಿನಲ್ಲೂ ನಡೆಯುತ್ತೆ. ಚಿತ್ರ ಕಡ್ಡಾಯ, ಮಾದರಿ ಸ್ಲೈಡನ್ನು ಹರ್ಬೇರಿಯಂಗೆ (ಸಸ್ಯ ಮಾದರಿಗಳ ಸಂಗ್ರಹಾಲಯ) ಕೊಟ್ಟು, ಆ ಹರ್ಬೇರಿಯಂ ಹೆಸರನ್ನು ಲೇಖನದಲ್ಲೇ ನಮೂದಿಸಿ.