ಅವಳು ನಿಯಮ ಮರೆತಿರಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಎಂಟನೇ ತರಗತಿಯ ಹುಡುಗಿ. ಗಣಿತ ಪರೀಕ್ಷೆಯ ದಿನ ತಪ್ಪದೆ ಹೊಟ್ಟೆನೋವು. "ಬುದ್ಧಿ ಇದೆ ಮೇಡಂ, ಗಮನ ಇಲ್ಲ" ಎಂದರು ಅವಳನ್ನು ನನ್ನ ಬಳಿ ಕರೆತಂದ ತಾಯಿ.

ನೋಟ್‌ಬುಕ್ ನೋಡಿದೆ. ಸಮೀಕರಣಗಳಲ್ಲಿ ಹಂತಗಳೆಲ್ಲ ಸರಿ. ಕೂಡಿ ಕಳೆಯುವ ಕಡೆ ಮಾತ್ರ ಎಡವಿದ್ದಳು. −3 − 5 ಎಷ್ಟು ಎಂದು ಕೇಳಿದೆ. 8 ಎಂದು ಬರೆದಳು. ಹೇಗೆ ಬಂತು ಎಂದಾಗ, "ಮೈನಸ್ ಮೈನಸ್ ಪ್ಲಸ್ ಅಲ್ವಾ ಮೇಡಂ?"

ಗಮನವಿಲ್ಲದ ಮಗು ಹೀಗೆ ಹೇಳುವುದಿಲ್ಲ. ಎರಡು ಮೈನಸ್ ಸಂಖ್ಯೆ ಗುಣಿಸಿದರೆ ಪ್ಲಸ್ ಎಂಬ ಗುಣಾಕಾರದ ನಿಯಮವನ್ನು ಅವಳು ನಂಬಿ ಇಲ್ಲಿಗೂ ತಂದಿದ್ದಳು. ಅದಕ್ಕಾಗಿ ಇಷ್ಟು ದಿನ ಬೈಸಿಕೊಂಡಳಲ್ಲ ಎಂದು ನನಗೆ ಸಂಕಟವಾಯಿತು.

ಎರಡು ವಾರ "ಮೈನಸ್ ಮೈನಸ್ ಪ್ಲಸ್" ಎಂಬ ಮಾತನ್ನು ಬಾಯಿಗೇ ತರಬೇಡ ಎಂದೆ. ಮೈನಸ್ ಸಂಖ್ಯೆ ಅಂದರೆ ಋಣ ಸಂಖ್ಯೆ, ಋಣ ಅಂದರೆ ಸಾಲ. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ ಈ ಲೆಕ್ಕಗಳ ನಿಯಮ ಬರೆದಾಗಲೂ ಧನ, ಋಣ ಎಂದೇ ಕರೆದ. ಮೂರು ಸಾಲ ಇದೆ, ಮೇಲೆ ಇನ್ನೂ ಐದು ಕೊಡಬೇಕು. ಈಗ ಎಷ್ಟು? "ಎಂಟು ಸಾಲ" ಎಂದವಳು ತಾನೇ −8 ಬರೆದಳು.

−3 − (−5) ಬಂದಾಗ ಮತ್ತೆ ತಡವರಿಸಿದಳು. ಸಾಲ ತೆಗೆಯುವುದು ಅಂದರೇನು? ಬಿಲ್ಲೆಗಳನ್ನು ಹರಡಿದೆವು. ಕೆಂಪು ಬಿಲ್ಲೆ −1, ನೀಲಿ +1, ಎರಡೂ ಸೇರಿದರೆ ಸೊನ್ನೆ. ಮೂರು ಕೆಂಪು ಇವೆ, ಐದು ಕೆಂಪು ತೆಗೆಯಬೇಕು. ಸಾಲದು. ಆಗ ಎರಡು ಕೆಂಪು–ನೀಲಿ ಜೋಡಿ ಸೇರಿಸಿದೆವು. ಸೊನ್ನೆ ಸೇರಿಸಿದರೆ ಬೆಲೆ ಬದಲಾಗದು ತಾನೇ? ಐದು ಕೆಂಪು ತೆಗೆದಳು. ಎರಡು ನೀಲಿ ಉಳಿದವು. ಬಹಳ ಹೊತ್ತು ಅವನ್ನೇ ನೋಡುತ್ತಾ ಕುಳಿತಳು. ನಾನೂ ಸುಮ್ನಿದ್ದೆ. ಇಂಥ ಹೊತ್ತಲ್ಲಿ ದೊಡ್ಡವರು ಮಾತಾಡಬಾರದು ಎಂದು ನನ್ನ ಅನುಭವ.

ತಾಯಿಗೆ ಹೇಳಿದ್ದು ಇಷ್ಟು. ದಿನಕ್ಕೆ ಐದೇ ಲೆಕ್ಕ ಸಾಕು, ಗಡಿಯಾರ ಬೇಡ. ಲೆಕ್ಕ ಮಾಡುವ ಮೊದಲು ಉತ್ತರ ಸೊನ್ನೆಯ ಯಾವ ಪಕ್ಕ ಬೀಳುತ್ತದೆ ಎಂದು ಅವಳೇ ಊಹಿಸಲಿ. ಉತ್ತರ ಸರಿ ಇದ್ದಾಗಲೂ "ಹೇಗೆ ಬಂತು?" ಎಂದು ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಬೈಗುಳದ ಹಾಗೆ ಕೇಳಿಸುತ್ತದೆ.

ಐದನೇ ಭೇಟಿಯಲ್ಲಿ ಅವಳೇ ಕೇಳಿದಳು: "ಗುಣಿಸುವಾಗ ಮಾತ್ರ ಯಾಕೆ ಪ್ಲಸ್ ಆಗುತ್ತೆ?" ಒಂದರ ಕೆಳಗೊಂದು ಬರೆದೆವು. 2 × (−4) = −8. 1 × (−4) = −4. 0 × (−4) = 0. ಪ್ರತಿ ಸಾಲಿಗೂ ನಾಲ್ಕು ಜಾಸ್ತಿಯಾಗುತ್ತಿದೆ ಎಂದು ಬೆರಳಿಟ್ಟು ತೋರಿಸಿದಳು. ಪೆನ್ಸಿಲ್ ಕೈಗೆ ಕೊಟ್ಟೆ. ಮುಂದಿನ ಸಾಲು, (−1) × (−4) = 4, ಅವಳದೇ ಅಕ್ಷರದಲ್ಲಿದೆ.